ಹೆಸರು ಕಿತ್ತ ಕಥೆ

ನಾವು ಬರೆದ ಕಥೆಯನ್ನು ನಮ್ಮ ಜಾಲತಾಣದಿಂದ ಎತ್ತಿ, ಹೆಸರು ಕಿತ್ತು, ಮತ್ತೊಬ್ಬರು ತಮ್ಮ ತಾಣದಲ್ಲಿ ಹಾಕಿಕೊಂಡರು. ಕೇಳಿದರೆ, ‘ಇಂಟರ್‌ನೆಟ್ಟಿನಲ್ಲಿ ಬಿದ್ದಿತ್ತಲ್ಲ, ನಾಲ್ಕು ಜನ ಓದಲಿ ಬಿಡಿ’ ಎಂಬ ಉಪದೇಶ. ಅಂಗಳದಲ್ಲಿ ಒಣಹಾಕಿದ ಬಟ್ಟೆ ಬೀದಿಗೆ ಕಾಣುತ್ತದೆಂದು ಹೊತ್ತೊಯ್ಯಬಹುದೇ?

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದ ಕ್ಷಣದಿಂದಲೇ ಹಕ್ಕು ನಮ್ಮದು, ನೋಂದಣಿ ಬೇಕಿಲ್ಲ. ಕದ್ದ ಪುಟವನ್ನು ತಾರೀಖು ಸಹಿತ ಮುದ್ರಿಸಿಟ್ಟುಕೊಂಡು, ಆ ತಾಣಕ್ಕೆ ಜಾಗ ಕೊಟ್ಟ ಕಂಪೆನಿಗೆ ಲಿಖಿತ ದೂರು ಕೊಡಬೇಕು. ದೂರು ಸರಿಯೆನಿಸಿದರೆ, 2013ರ ನಿಯಮಗಳಂತೆ ಕಂಪೆನಿ 36 ಗಂಟೆಯೊಳಗೆ ಅದನ್ನು ತಡೆಯಬೇಕು. 21 ದಿನದೊಳಗೆ ನಾವು ನ್ಯಾಯಾಲಯದ ಆದೇಶ ತರಬೇಕು.

‘ಹೋಗಲಿ ಬಿಡಿ’ ಎಂದು ಸುಮ್ಮನಾಗುವ ನಮ್ಮ ಸಂಕೋಚವೇ ಕಳ್ಳನ ಬಂಡವಾಳ. ಆದರೆ ಉರ್ದು ಕಥೆಗಳನ್ನು ಲೇಖಕರನ್ನು ಕೇಳದೆ ಕನ್ನಡಕ್ಕೆ ತಂದು ಅಚ್ಚುಹಾಕುವ ನಾವೂ ಸಾಚಾಗಳೇ? ಅನುವಾದದ ಹಕ್ಕೂ ಲೇಖಕರದ್ದೇ. ದೂರು ಬರೆಯುವ ಕೈ ಅನುಮತಿ ಕೇಳುವ ಪತ್ರವನ್ನೂ ಬರೆಯಲಿ.