ಛೇದ ಹಿಗ್ಗಿದರೆ ಬಾಗಿಲು ಕಿರಿದಾಯಿತೇ?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ತರಗತಿಗೆ 2020ರ ಪ್ರವೇಶಕ್ಕಾಗಿ ಬಂದ ಅರ್ಜಿಗಳು 40,248. ಮರುವರ್ಷ 57,435. 2022ರಲ್ಲಿ 61,220. ಆಯ್ಕೆಯಾದವರ ಸಂಖ್ಯೆ ಮಾತ್ರ ಮೂರೂ ವರ್ಷ ಎರಡು ಸಾವಿರದ ಆಸುಪಾಸಿನಲ್ಲೇ ಇತ್ತು: 1,980, 1,968, 1,954. ನೂರಕ್ಕೆ ಐವರಿಗೆ ಸಿಗುತ್ತಿದ್ದ ಪ್ರವೇಶ ಎರಡೇ ವರ್ಷದಲ್ಲಿ ಮೂವರಿಗೆ ಇಳಿಯಿತು. ಪಿಯುಸಿ ಓದುತ್ತಿರುವ ಮಗಳನ್ನು ಹೊರದೇಶಕ್ಕೆ ಕಳಿಸುವ ಆಸೆಯಿರುವ ಬೆಂಗಳೂರಿನ ತಂದೆತಾಯಿ ಇಂಥ ಅಂಕಿಗಳನ್ನು ಕಂಡು ಎದೆಗುಂದುವುದು ಸಹಜ. ಕೆಲವರು ಅಲ್ಲಿಗೇ ಕೈಬಿಡುತ್ತಾರೆ. ಇನ್ನು ಕೆಲವರು ಗಾಬರಿಯಿಂದ ಲಕ್ಷಗಟ್ಟಲೆ ಶುಲ್ಕ ಕೇಳುವ ಸಲಹಾ ಕೇಂದ್ರಗಳ ಮೆಟ್ಟಿಲು ಹತ್ತುತ್ತಾರೆ.

ಹೈಸ್ಕೂಲಿನ ಭಿನ್ನರಾಶಿ ಪಾಠವನ್ನು ಒಮ್ಮೆ ನೆನಪಿಸಿಕೊಂಡರೆ ಗಾಬರಿ ಅರ್ಧ ಇಳಿದೀತು. ಮೇಲಿರುವುದು ಅಂಶ, ಕೆಳಗಿರುವುದು ಛೇದ. ಇಲ್ಲಿ ಅಂಶ ಹೆಚ್ಚುಕಡಿಮೆ ಇದ್ದಲ್ಲೇ ಇದೆ, ಹಿಗ್ಗಿದ್ದು ಛೇದ.

ಅದು ಹಿಗ್ಗಿದ್ದೇಕೆ? 2020ರಲ್ಲಿ ಕೋವಿಡ್‌ನಿಂದಾಗಿ ಎಸ್‌ಎಟಿ, ಎಸಿಟಿ ಪರೀಕ್ಷಾ ಕೇಂದ್ರಗಳು ಮುಚ್ಚಿದವು. ಅಂಕಪಟ್ಟಿಯಿಲ್ಲದೆಯೂ ಅರ್ಜಿ ಹಾಕಬಹುದೆಂದು ವಿಶ್ವವಿದ್ಯಾಲಯಗಳು ಸಾರಿದವು. ಅದುವರೆಗೆ ತಮ್ಮ ಅಂಕ ನೋಡಿಕೊಂಡು ದೂರ ನಿಂತಿದ್ದವರೂ ಒಂದು ಕೈ ನೋಡೋಣವೆಂದು ಮುಂದೆ ಬಂದರು. ಮಸಾಚುಸೆಟ್ಸ್‌ನ ಎಂ.ಐ.ಟಿ.ಯಲ್ಲಿ 20,075 ಇದ್ದ ಅರ್ಜಿಗಳು ಒಂದೇ ವರ್ಷದಲ್ಲಿ 33,240ಕ್ಕೆ ಏರಿದವು. ಆ ಸಂಸ್ಥೆ 2022ರ ಮಾರ್ಚ್‌ನಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2023ರ ಪ್ರವೇಶಕ್ಕೆ ಬಂದ ಅರ್ಜಿಗಳು 26,914. ಹಾರ್ವರ್ಡ್ ಇದೇ ನಿರ್ಧಾರಕ್ಕೆ ಬಂದದ್ದು 2024ರಲ್ಲಿ. 2025ರ ಪ್ರವೇಶಕ್ಕೆ ಅಲ್ಲಿ ಬಂದ ಅರ್ಜಿಗಳು 47,893, ಆಯ್ಕೆಯಾದವರು 2,003. ಪ್ರಮಾಣ ಮತ್ತೆ ಶೇಕಡ 4 ದಾಟಿತು. ಇಳಿಕೆಗೆ ಬೇರೆ ಕಾರಣಗಳೂ ಇದ್ದಾವು. ಆದರೆ 2022ಕ್ಕಿಂತ 2025ರಲ್ಲಿ ಹಾರ್ವರ್ಡ್ ಸೇರುವುದು ಸುಲಭವಾಯಿತೆಂದು ಹೇಳಿದರೆ ಒಳ್ಳೆಯ ವಿದ್ಯಾರ್ಥಿ ನಕ್ಕಾನು.

ಛೇದ ಹಿಗ್ಗಿಸುವ ಇನ್ನೊಂದು ಸಾಧನ 'ಕಾಮನ್ ಅಪ್ಲಿಕೇಷನ್'. 1975ರಲ್ಲಿ 15 ಕಾಲೇಜುಗಳು ಸೇರಿ ಆರಂಭಿಸಿದ ಈ ಏಕರೂಪದ ಅರ್ಜಿಯನ್ನು ಇಂದು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಸ್ವೀಕರಿಸುತ್ತವೆ. ಒಬ್ಬ ವಿದ್ಯಾರ್ಥಿ ಇದರ ಮೂಲಕ 20 ಕಾಲೇಜುಗಳವರೆಗೆ ಅರ್ಜಿ ಹಾಕಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಕಾಲೇಜುಗಳಲ್ಲಿ ತಲಾ ಹತ್ತು ಸೀಟುಗಳಿವೆ, ವಿದ್ಯಾರ್ಥಿಗಳು ನೂರು ಮಂದಿ. ಅವರು ಸಮನಾಗಿ ಹಂಚಿಕೊಂಡು ಒಬ್ಬೊಬ್ಬರೂ ಒಂದೊಂದೇ ಕಾಲೇಜಿಗೆ ಅರ್ಜಿ ಹಾಕಿದರೆ ಪ್ರತಿ ಕಾಲೇಜೂ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಎಲ್ಲರೂ ಹತ್ತಕ್ಕೂ ಹಾಕಿದರೋ, ಹತ್ತು ಸೀಟಿಗೆ ನೂರು ಅರ್ಜಿ! ಅವೇ ಮಕ್ಕಳು, ಅವೇ ಸೀಟುಗಳು. ಈಗ ಪ್ರತಿ ಕಾಲೇಜೂ ನೂರಕ್ಕೆ ತೊಂಬತ್ತು ಅರ್ಜಿಗಳನ್ನು ತಿರಸ್ಕರಿಸಿತೆಂಬ ಬಿರುದು ಹೊತ್ತು ಮೆರೆಯಬಹುದು.

ಈ ಬಿರುದಿನ ಮೇಲೆ ಸಂಸ್ಥೆಗಳಿಗೂ ಆಸೆಯಿಲ್ಲದಿಲ್ಲ. ಪರೀಕ್ಷಾ ಮಂಡಳಿಯಿಂದ ವಿದ್ಯಾರ್ಥಿಗಳ ವಿಳಾಸಗಳನ್ನು ಹಣ ಕೊಟ್ಟು ಪಡೆದು ಬಣ್ಣಬಣ್ಣದ ಕರಪತ್ರ ಕಳಿಸುವ ಪದ್ಧತಿ ಅಲ್ಲಿ ಹಳೆಯದು. ಮನೆಗೆ ಅಂಥ ಪತ್ರ ಬಂದರೆ ಮಗನನ್ನು ಅವರೇ ಕರೆಯುತ್ತಿದ್ದಾರೆಂದು ಹಿಗ್ಗುವಂತಿಲ್ಲ.

ಶೇಕಡ 4 ಎಂಬುದು ಸರಾಸರಿ ಎಂಬುದನ್ನೂ ಮರೆಯಬಾರದು. ಹಾರ್ವರ್ಡ್ ವಿರುದ್ಧ 2018ರಲ್ಲಿ ವಿಚಾರಣೆಗೆ ಬಂದ ಮೊಕದ್ದಮೆಯಲ್ಲಿ ಹೊರಬಿದ್ದ ಅಂಕಿಗಳು ಕಣ್ಣು ತೆರೆಸುವಂತಿವೆ. ಆರು ವರ್ಷಗಳ ಲೆಕ್ಕದಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ ಪ್ರವೇಶ ಸಿಕ್ಕಿತ್ತು, ಉಳಿದವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ. ತರಬೇತುದಾರರು ಆರಿಸಿಕೊಂಡ ಕ್ರೀಡಾಪಟುಗಳಿಗೆ ನೂರಕ್ಕೆ ಎಂಬತ್ತಕ್ಕೂ ಮೇಲೆ. ಧಾರವಾಡದ ಹುಡುಗನಿಗೆ ಆ ಎರಡೂ ಬಾಗಿಲುಗಳಿಲ್ಲ.

ಅವನ ಮನೆಯವರು ನೋಡಬೇಕಾದ ಅಂಕಿಗಳು ಬೇರೆಯೇ ಇವೆ. ಹಾರ್ವರ್ಡ್, ಎಂ.ಐ.ಟಿ., ಯೇಲ್, ಪ್ರಿನ್ಸ್‌ಟನ್‌ಗಳು ವಿದೇಶಿ ವಿದ್ಯಾರ್ಥಿ ನೆರವು ಕೇಳಿದನೆಂಬ ಕಾರಣಕ್ಕೆ ಅರ್ಜಿಯನ್ನು ಬದಿಗಿಡುವುದಿಲ್ಲ. ಸ್ಟ್ಯಾನ್‌ಫರ್ಡ್ ಸೇರಿದಂತೆ ಅನೇಕ ಕಡೆ ವಿದೇಶಿಯರ ಆಯ್ಕೆಯಲ್ಲಿ ಹಣದ ವಿಚಾರವೂ ಬರುತ್ತದೆ. ಅರ್ಜಿಯೊಂದಕ್ಕೆ ಶುಲ್ಕ ಕಟ್ಟುವ ಮೊದಲು ಇದನ್ನು ವಿಚಾರಿಸಬೇಕು. ಕಷ್ಟದಲ್ಲಿರುವವರಿಗೆ ಆ ಶುಲ್ಕದಿಂದ ವಿನಾಯಿತಿಯೂ ಉಂಟು, ಕೇಳಲು ಸಂಕೋಚ ಬೇಡ. ಬಹುತೇಕ ವಿಶ್ವವಿದ್ಯಾಲಯಗಳು ವರ್ಷವರ್ಷವೂ 'ಕಾಮನ್ ಡೇಟಾ ಸೆಟ್' ಎಂಬ ದಾಖಲೆಯನ್ನು ಉಚಿತವಾಗಿ ಪ್ರಕಟಿಸುತ್ತವೆ. ಅದರ 'ಸಿ' ಭಾಗದಲ್ಲಿ ಸೇರಿದವರ ಪರೀಕ್ಷಾ ಅಂಕಗಳಿರುತ್ತವೆ. 'ಎಚ್' ಭಾಗದಲ್ಲಿ ಎಷ್ಟು ಮಂದಿ ವಿದೇಶಿ ವಿದ್ಯಾರ್ಥಿಗಳಿಗೆ ಸರಾಸರಿ ಎಷ್ಟು ಡಾಲರ್ ನೆರವು ಸಿಕ್ಕಿತೆಂಬ ಲೆಕ್ಕವಿರುತ್ತದೆ.