ಅಪ್ಪಿಯ ಹೆದರಿಕೆ

ಸಾಹಿತ್ಯದ ಬಳಗದಲ್ಲಿ ಎತ್ತಲು ಸಂಕೋಚವಾಗುವ ವಿಷಯಗಳಿವೆ. ಎರಡೂವರೆ ವರ್ಷದ ಮಗು ಐದಾರು ದಿನ ಮಲವನ್ನು ಬಿಗಿಹಿಡಿದು ಓಡಾಡುವುದು ಅಂಥದ್ದೊಂದು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರು ಇದನ್ನು ನೆರೆಹೊರೆಯಲ್ಲಿ ಹೇಳಿಕೊಳ್ಳುವುದಿಲ್ಲ. ರಾತ್ರಿ ಹತ್ತರ ಮೇಲೆ ಊರಿಗೆ ಫೋನು ಮಾಡಿ ಪಿಸುದನಿಯಲ್ಲಿ ಕೇಳುತ್ತೇವೆ. ಆ ಪಿಸುದನಿಯಲ್ಲಿ ದೊರೆತ ಸಲಹೆಗಳಲ್ಲಿ ಕೆಲವು ನಮ್ಮ ಮಗುವಿಗೆ ಕೇಡನ್ನೇ ಮಾಡಿದವು. ಆದುದರಿಂದ ಈ ಒಂದು ಸಲ ದನಿಯೆತ್ತಿ ಬರೆಯುತ್ತಿದ್ದೇವೆ.

ಆಗ ನಾವು ಕೊಚ್ಚಿಯ ಕಾಕ್ಕನಾಡಿನಲ್ಲಿದ್ದೆವು. ಮಗ ಕಿಟಕಿಯ ಪರದೆಯ ಹಿಂದೆ ಹೋಗಿ, ತುದಿಗಾಲಿನ ಮೇಲೆ ನಿಂತು, ತೊಡೆಗಳನ್ನು ಒತ್ತಿಹಿಡಿದು, ಮುಖ ಕೆಂಪಾಗಿಸಿಕೊಂಡು ನಡುಗುತ್ತಿದ್ದ. ಪಾಪ, ಮುಕ್ಕುತ್ತಿದ್ದಾನೆ, ಬರುತ್ತಿಲ್ಲ ಎಂದು ನಾವು ತಿಳಿದೆವು. 'ಮುಕ್ಕು ಮಗನೇ, ಮುಕ್ಕು' ಎಂದು ಹುರಿದುಂಬಿಸಿದೆವು ಕೂಡ. ಅವನು ಮಾಡುತ್ತಿದ್ದುದು ಅದರ ತದ್ವಿರುದ್ಧ. ಬರುತ್ತಿದ್ದುದನ್ನು ತನ್ನೆಲ್ಲ ಬಲದಿಂದ ಒಳಕ್ಕೆ ತಡೆಯುತ್ತಿದ್ದ. ಈ ಒಂದು ತಪ್ಪು ಓದಿನಿಂದ ನಾವು ಮೂರು ತಿಂಗಳು ಕಳೆದುಕೊಂಡೆವು.

ನಡೆಯುವುದು ಇಷ್ಟು. ಯಾವುದೋ ಜ್ವರದಲ್ಲೋ, ಎದೆಹಾಲು ಬಿಟ್ಟು ಹಸುವಿನ ಹಾಲಿಗೆ ಹೊರಳಿದಾಗಲೋ, ಮನೆ ಬದಲಾದಾಗಲೋ ಒಂದು ದಿನ ಗಟ್ಟಿಯಾದ ಮಲ ಬರುತ್ತದೆ, ನೋಯುತ್ತದೆ. ಕೆಲವೊಮ್ಮೆ ಗುದದ್ವಾರದಲ್ಲಿ ಸಣ್ಣ ಸೀಳೂ ಆಗುತ್ತದೆ. ಮಗು ಅದನ್ನು ಮರೆಯುವುದಿಲ್ಲ. ಮುಂದಿನ ಸಲ ಒತ್ತಡ ಬಂದಾಗ ತಡೆಯುತ್ತದೆ. ದೊಡ್ಡ ಕರುಳು ಒಳಗಿರುವುದರಿಂದ ನೀರನ್ನು ಹೀರುತ್ತಲೇ ಇರುತ್ತದೆ. ತಡೆದಷ್ಟೂ ಮಲ ಒಣಗುತ್ತದೆ, ಗಾತ್ರ ಹಿಗ್ಗುತ್ತದೆ. ಕೊನೆಗೆ ಬಂದಾಗ ಮೊದಲಿಗಿಂತ ಹೆಚ್ಚು ನೋಯುತ್ತದೆ. ಮಗುವಿನ ಹೆದರಿಕೆಗೆ ಸಾಕ್ಷಿ ಸಿಕ್ಕಂತಾಯಿತು. ಇನ್ನೂ ಕೆಲವು ವಾರ ಹೀಗೇ ನಡೆದರೆ ಮಲಾಶಯವೇ ಹಿಗ್ಗಿ, ತುಂಬಿದೆಯೆಂಬ ಸೂಚನೆಯೂ ಮಂಕಾಗುತ್ತದೆ. ಆಮೇಲೆ ಗಟ್ಟಿಯಾಗಿ ಕುಳಿತ ಮಲದ ಪಕ್ಕದಿಂದ ನೀರಾದ ಮಲ ಜಿನುಗಿ ಚಡ್ಡಿ ಒದ್ದೆಯಾಗುವುದುಂಟು. ಭೇದಿಯೆಂದು ಭ್ರಮಿಸುವುದು ಇಲ್ಲಿಯೇ. ಕೇರಳದ ಮನೆಗಳಲ್ಲಿ ಕೂಸುಗಳಿಗೆ ಕೊಡುವ ಒಣಗಿಸಿದ ಬಾಳೆಕಾಯಿಯ ಪುಡಿಯ ಗಂಜಿ ಬಹಳ ಒಳ್ಳೆಯ ತಿನಿಸು. ಭೇದಿಯಾದಾಗ ಕಟ್ಟುವ ಗುಣವೂ ಅದಕ್ಕಿದೆ. ಪಕ್ಕದ ಮನೆಯ ಅಮ್ಮಚ್ಚಿ ಮಮತೆಯಿಂದ ಕಾಸಿಕೊಟ್ಟರು, ನಾವು ಮಮತೆಯಿಂದಲೇ ಉಣಿಸಿದೆವು. ಹೊಟ್ಟೆ ಇನ್ನಷ್ಟು ಕಲ್ಲಾಯಿತು.

ಮಲಬದ್ಧತೆಯನ್ನು ನಾವು ನಗೆಯ ವಸ್ತುವಾಗಿ ಮಾತ್ರ ಬಲ್ಲೆವು. 2015ರ 'ಪೀಕು' ಚಿತ್ರದಲ್ಲಿ ಮುದುಕರ ಹೊಟ್ಟೆಯ ಗೋಳನ್ನು ಕಂಡು ನಕ್ಕವರಲ್ಲಿ ನಾವೂ ಇದ್ದೆವು. ಮಗುವಿನ ವಿಷಯಕ್ಕೆ ಬಂದರೆ ನಗು ಹೋಗಿ ಸಿಟ್ಟು ಬರುತ್ತದೆ. 'ಹಟಮಾರಿ' ಎಂಬ ಮಾತು ಎಲ್ಲರ ಬಾಯಿಗೂ ಸಲೀಸು. ಇದಕ್ಕೆ ಪಂಡಿತರ ಬೆಂಬಲವೂ ಇದೆ. ಫ್ರಾಯ್ಡ್ ಮಹಾಶಯ 1908ರ ಲೇಖನವೊಂದರಲ್ಲಿ ಅಚ್ಚುಕಟ್ಟುತನ, ಜಿಪುಣತನ, ಹಟಮಾರಿತನ ಮೂರನ್ನೂ ಬಾಲ್ಯದಲ್ಲಿ ಮಲವನ್ನು ಹಿಡಿದಿಡುವ ಸುಖದೊಂದಿಗೆ ಗಂಟುಹಾಕಿದ. ಪರದೆಯ ಹಿಂದೆ ನಡುಗುವ ಕೂಸನ್ನು ಕಂಡವರಿಗೆ ಅಲ್ಲಿ ಸುಖದ ಸುಳಿವೂ ಕಾಣುವುದಿಲ್ಲ. ಅಲ್ಲಿರುವುದು ಭಯ. ಹಟವೆಂದುಕೊಂಡರೆ ಮುರಿಯಲು ಹೊರಡುತ್ತೇವೆ. ಭಯವೆಂದು ತಿಳಿದರೆ ನೋವನ್ನು ತೆಗೆಯಲು ಹೊರಡುತ್ತೇವೆ. ನಮ್ಮ ವಾದವೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಹಟ ಮುರಿಯುವ ಸಾಧನಗಳು ನಮ್ಮಲ್ಲಿ ಬೇಕಾದಷ್ಟಿವೆ. ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಇಡುವುದು, ಸಾಬೂನಿನ ಚೂರನ್ನು ಸವೆಸಿ ಇಡುವುದು, ಇಬ್ಬರು ಕೈಕಾಲು ಹಿಡಿದು ಎನಿಮಾ ಕೊಡುವುದು. ಅಜ್ಜಿಯರನ್ನು ಹಳಿಯುವ ಇಚ್ಛೆ ನಮಗಿಲ್ಲ. ಅವರು ಹತ್ತಾರು ಮಕ್ಕಳನ್ನು ಕಂಡವರು, ತೊಟ್ಟಿನಿಂದ ಆ ದಿನದ ಕೆಲಸ ಆಗಿಯೂ ಬಿಡುತ್ತದೆ. ಆದರೆ ಯಾವ ಜಾಗವನ್ನು ಕಾಪಾಡಿಕೊಳ್ಳಲು ಮಗು ಹೆಣಗುತ್ತಿದೆಯೋ ಅಲ್ಲಿಗೇ ನಾವು ಕೈಹಾಕುತ್ತೇವೆ. ನಾಳೆಯಿಂದ ಅದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಗಟ್ಟಿಯಾಗಿ ಕಟ್ಟಿಕೊಂಡ ಮಲವನ್ನು ಬಹುಪಾಲು ಬಾಯಿಯ ಮೂಲಕ ಕೊಡುವ ಔಷಧದಿಂದಲೇ ಕರಗಿಸಿ ಇಳಿಸಬಹುದು ಎಂಬುದು ನಮಗೆ ಬಹಳ ತಡವಾಗಿ ಗೊತ್ತಾಯಿತು.

ಕೊಚ್ಚಿಯಿಂದ ತಿರುವನಂತಪುರಕ್ಕೆ ಮನೆ ಬದಲಿಸಿದಾಗ ಮಾತಿನ ತೊಡಕೊಂದು ಎದುರಾಯಿತು. ನಮ್ಮ ಮಗುವಿನ ಮಾತು 'ಕಕ್ಕ'. ವೇಂಬನಾಡು ಕಾಯಲಿನ ದಡದವರಿಗೆ ಕಕ್ಕ ಎಂದರೆ ತಿನ್ನುವ ಚಿಪ್ಪುಮೀನು. ಮಗು ನಡುಗುತ್ತ 'ಕಕ್ಕ ಬೇಡ, ಕಕ್ಕ ಬೇಡ' ಎಂದು ಅತ್ತರೆ, ಕೊಚ್ಚಿಯ ಶಿಶುವಿಹಾರದ ಆಯಾ ಊಟದಲ್ಲಿ ಅದಿಲ್ಲವೆಂದು ಸಮಾಧಾನ ಹೇಳುತ್ತಿದ್ದರಂತೆ. ಮಲಯಾಳದ ಮಕ್ಕಳ ಮಾತಿನಲ್ಲಿ ಅದು 'ಅಪ್ಪಿ'. ಸರಿ, ಅಪ್ಪಿ ಎಂದು ಕಲಿಸಿದೆವು. ತಿರುವನಂತಪುರಕ್ಕೆ ಬಂದರೆ ಇಲ್ಲಿಯ ಹಳಬರು ಮಗುವನ್ನೇ ಅಕ್ಕರೆಯಿಂದ ಅಪ್ಪಿ ಎಂದು ಕರೆಯುತ್ತಾರೆ, ನಮ್ಮ ಶಿರಸಿಯ ಕಡೆಯ ಮನೆಗಳಲ್ಲಿ ಗಂಡುಮಕ್ಕಳನ್ನು ಕರೆಯುವ ಹಾಗೆಯೇ. ಕೇರಳದ ಉಳಿದವರು ತಿರುವನಂತಪುರದವರ ಈ ಮಾತಿಗೆ ನಗುತ್ತಾರೆ. ನಮಗೆ ಆಗ ನಗು ಬರಲಿಲ್ಲ. ಹೊಟ್ಟೆಯೊಳಗಿನ ಸಂಗತಿಯನ್ನು ಹೇಳಿಕೊಳ್ಳಲು ಮಗುವಿಗೆ ಇರುವುದು ಒಂದೇ ಪದ. ಅದನ್ನು ಹೊರಗಿನವರು ಅರಿಯದಿದ್ದರೆ ತಡೆಹಿಡಿಯುವುದೊಂದೇ ಅದಕ್ಕೆ ಉಳಿಯುವ ದಾರಿ.

ಶಿಶುವಿಹಾರದವರದು ಇನ್ನೊಂದು ಒತ್ತಾಯ. ಜೂನ್ ಬರುವುದರೊಳಗೆ ಡೈಪರ್ ಬಿಡಿಸಿರಬೇಕು ಎಂದು ಬಿಟ್ಟರು. ಹೆದರಿದ ಮಗುವಿಗೆ ಗಡುವು ಕೊಡುವುದು ತಲೆಕೆಳಗಾದ ಕೆಲಸ. ಶೌಚದ ಕಲಿಕೆ ಮಗುವಿನ ಸಿದ್ಧತೆಯನ್ನು ನೋಡಿ ನಡೆಯಬೇಕೆಂದು ಅಮೆರಿಕದ ಶಿಶುವೈದ್ಯ ಬ್ರೇಜಲ್ಟನ್ 1962ರಲ್ಲೇ ಬರೆದ. ಅರವತ್ತು ವರ್ಷ ದಾಟಿದರೂ ಪ್ರವೇಶದ ಅರ್ಜಿಗಳು ಅದನ್ನು ಓದಿಲ್ಲ. ಮಗ ಡೈಪರಿನಲ್ಲಿ, ಪರದೆಯ ಹಿಂದೆ ನಿಂತಾದರೂ ಮಾಡಲಿ, ಮೊದಲು ನೋವಿಲ್ಲದೆ ಆಗಲಿ, ಕಮೋಡು ಆಮೇಲೆ ಎಂದು ಇಲ್ಲಿಯ ವೈದ್ಯರು ಹೇಳಿದಾಗ ನಮ್ಮ ಹೆಗಲ ಭಾರವೇ ಇಳಿದಂತಾಯಿತು.

ಔಷಧದ ಬಗ್ಗೆ ಒಂದಿಷ್ಟು ಹೆಚ್ಚು ಹೇಳಬೇಕು, ಏಕೆಂದರೆ ನಾವು ಎಡವಿದ್ದು ಅಲ್ಲಿಯೇ. 'ನೀರು ಕುಡಿಸಿ, ಸೊಪ್ಪು ತಿನ್ನಿಸಿ' ಎಂಬುದು ಎಲ್ಲರೂ ಕೊಡುವ ಉಪದೇಶ. ಒಣದ್ರಾಕ್ಷಿಯ ನೀರು, ಪಪಾಯ, ರಾಗಿ ಎಲ್ಲವೂ ಒಳ್ಳೆಯವೇ. ಹಾಲು ಮಿತಿಮೀರಿದ್ದರೆ ಇಳಿಸಬೇಕು ಎಂಬುದೂ ಸರಿ. ಆದರೆ ಚಕ್ರ ಒಮ್ಮೆ ಸುತ್ತತೊಡಗಿದ ಮೇಲೆ ಆಹಾರವೊಂದೇ ಅದನ್ನು ನಿಲ್ಲಿಸಲಾರದು. ಯೂರೋಪು ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ-ಕರುಳು ತಜ್ಞರ ಸಂಘಗಳು 2014ರಲ್ಲಿ ಕೂಡಿ ಹೊರಡಿಸಿದ ಮಾರ್ಗಸೂಚಿ ನಾರು, ನೀರು ಸಾಮಾನ್ಯ ಪ್ರಮಾಣದಲ್ಲಿದ್ದರೆ ಸಾಕೆನ್ನುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಮೊದಲ ಆಯ್ಕೆಯ ಔಷಧವೆಂದು ಹೇಳಿ, ಅದು ಸಿಗದಿದ್ದಲ್ಲಿ ಲ್ಯಾಕ್ಟುಲೋಸ್ ಎನ್ನುತ್ತದೆ. ಮುಖ್ಯವಾದುದು ಅವಧಿ: ಕನಿಷ್ಠ 2 ತಿಂಗಳು ಕೊಡಬೇಕು, ತೊಂದರೆಯೆಲ್ಲ ಮಾಯವಾಗಿ ಕನಿಷ್ಠ 1 ತಿಂಗಳು ಕಳೆದ ಮೇಲೆಯೇ ಮೆಲ್ಲಗೆ ಇಳಿಸಬೇಕು. ನಾವು ಎರಡು ವಾರಕ್ಕೇ ನಿಲ್ಲಿಸಿದೆವು. 'ಅಭ್ಯಾಸವಾಗಿಬಿಡುತ್ತದೆ' ಎಂಬ ಭಯ ನಮ್ಮದು. ಈ ಪುಡಿ ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಿಡುತ್ತದೆ, ಅಷ್ಟೇ. ಕರುಳನ್ನು ಸೋಮಾರಿ ಮಾಡುವುದಿಲ್ಲ. ನೋವಿಲ್ಲದ ದಿನಗಳು ಸಾಲಾಗಿ ಬಂದು ಹಳೆಯ ನೆನಪು ಸವೆಯಲು ತಿಂಗಳುಗಳು ಬೇಕು. ಪ್ರಮಾಣವನ್ನು ಮಾತ್ರ ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು.

ಹಳೆಯ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದುದೂ ಇದೆ. ನಮ್ಮ ತಾಯಂದಿರು ಎರಡು ಪಾದಗಳನ್ನು ಜೋಡಿಸಿ ಅದರ ಮೇಲೆ ಕೂಸನ್ನು ಕುಕ್ಕರಗಾಲಿನಲ್ಲಿ ಕೂರಿಸುತ್ತಿದ್ದರು. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಮಲಾಶಯವನ್ನು ಹಿಡಿದ ಸ್ನಾಯು ಸಡಿಲುತ್ತದೆ. ಫ್ಲ್ಯಾಟಿನ ಎತ್ತರದ ಕಮೋಡಿನ ಮೇಲೆ ಮಗುವಿನ ಕಾಲು ಗಾಳಿಯಲ್ಲಿ ತೂಗುತ್ತದೆ. ಬೀಳುವ ಹೆದರಿಕೆಯೂ ಸೇರುತ್ತದೆ. ಕಾಲಿಗೆ ಒಂದು ಮಣೆ ಇಟ್ಟೆವು. ಊಟವಾದೊಡನೆ ಕರುಳು ತಾನೇ ಚಲಿಸುವ ಹೊತ್ತು ನೋಡಿ, ಐದು ನಿಮಿಷ, ಕಥೆ ಹೇಳುತ್ತ ಕೂರಿಸಿದೆವು. ಆಗಲಿ ಬಿಡಲಿ, ಕೂತದ್ದಕ್ಕೇ ಶಹಬ್ಬಾಸ್. ಆಗದ ದಿನ ಯಾರೂ ಮುಖ ಸಿಂಡರಿಸಕೂಡದು ಎಂಬುದು ಮನೆಯ ಕಟ್ಟಳೆ. ಅದನ್ನು ಪಾಲಿಸಲು ಹೆಚ್ಚು ಕಷ್ಟಪಟ್ಟವರು ನಾವೇ.

ಎಲ್ಲವೂ ಹೆದರಿಕೆಯೆಂದು ಕೈಕಟ್ಟಿ ಕೂರುವಂತಿಲ್ಲ. ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದಿದ್ದ ಮಗು, ಮೊದಲ ತಿಂಗಳಿನಿಂದಲೇ ಮಲಬದ್ಧತೆ ಇರುವ ಮಗು, ಹೊಟ್ಟೆಯುಬ್ಬರದೊಡನೆ ಹಸಿರು ವಾಂತಿ ಮಾಡುವ ಮಗು, ತೂಕ ಏರದ ಮಗು, ಕಾಲಿನಲ್ಲಿ ಬಲ ಕಡಿಮೆಯಾದ ಮಗು: ಇವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದ ಕಾಯಿಲೆಯೊಂದಿದೆ, 1886ರಲ್ಲಿ ಅದನ್ನು ವಿವರಿಸಿದ ಡೆನ್ಮಾರ್ಕಿನ ಹಿರ್ಷ್‌ಸ್ಪ್ರುಂಗ್ ಹೆಸರಿನದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಥೈರಾಯ್ಡ್ ಕೊರತೆಯೂ ಕಾರಣವಾಗಬಹುದು. ಇವು ವಿರಳ.

ನಮ್ಮ ಮನೆಯಲ್ಲಿ ಪುಡಿಯ ಡಬ್ಬಿ ಇನ್ನೂ ಅಡುಗೆಮನೆಯ ಕಟ್ಟೆಯ ಮೇಲಿದೆ, ಇದು ಐದನೆಯ ತಿಂಗಳು. ಹೊಸ ಶಿಶುವಿಹಾರಕ್ಕೆ ಸೇರಿಸುವಾಗ ಆಯಾಳ ಕೈಗೆ ಮಲಯಾಳದಲ್ಲಿ ಬರೆದ ಚೀಟಿಯೊಂದನ್ನು ಕೊಟ್ಟೆವು. ಈ ಮಗು ಕಕ್ಕ ಎಂದರೆ ಅಪ್ಪಿ ಎಂದರ್ಥ, ತುದಿಗಾಲಲ್ಲಿ ನಿಂತರೆ ಬೈಯಬೇಡಿ, ಕಾಲಿಗೆ ಮಣೆ ಕೊಡಿ. ಅವರು ಓದಿ, ನಕ್ಕು, ಮಗನ ಗಲ್ಲ ಹಿಡಿದು 'ಎಂದರಪ್ಪೀ' ಎಂದರು.