ಸತ್ತ ನುಡಿಗೆ ಚಪ್ಪಾಳೆ

ಕಳೆದ ಕೂಟದಲ್ಲಿ ಹಿರಿಯ ಮಿತ್ರರೊಬ್ಬರು ಸ್ವಿಟ್ಜರ್ಲೆಂಡಿನ ಎಲುವೇಟಿ ಎಂಬ ಫೋಕ್ ಮೆಟಲ್ ತಂಡದ 2009ರ ಆಲ್ಬಮ್ ‘ಎವೊಕೇಶನ್ ಒನ್’ನಿಂದ ಎರಡು ಹಾಡು ಕೇಳಿಸಿದರು. ಹಾಡಿನ ಭಾಷೆ ಗಾಲಿಷ್. ಫ್ರಾನ್ಸಿನ ಸೀಮೆಯ ಕೆಲ್ಟರು ಆಡುತ್ತಿದ್ದ, ಸಾವಿರದೈನೂರು ವರ್ಷಗಳ ಹಿಂದೆಯೇ ಬಹುಮಟ್ಟಿಗೆ ಅಳಿದ ನುಡಿ. “ನೋಡಿ, ಅವರು ಸತ್ತ ಭಾಷೆಯನ್ನೂ ಎಬ್ಬಿಸುತ್ತಾರೆ, ನಾವು ಬದುಕಿರುವುದನ್ನೇ ಮಲಗಿಸಿದ್ದೇವೆ” ಎಂದರು. ಸಭೆ ತಲೆದೂಗಿತು. ನಾನು ತಲೆದೂಗಲಿಲ್ಲ, ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಆಲ್ಬಮ್ಮಿನ ಮೇಲೆ ನನಗೆ ಮುನಿಸಿಲ್ಲ. ಗಿಟಾರಿನ ಅಬ್ಬರವನ್ನು ಬದಿಗಿಟ್ಟು ಕೊಳಲು, ಹರ್ಡಿ-ಗರ್ಡಿ, ಆನಾ ಮರ್ಫಿಯ ಕಂಠವನ್ನು ನೆಚ್ಚಿದ ಆ ಸಂಗೀತವನ್ನು ಲೋಕಲ್ ಟ್ರೈನಿನಲ್ಲಿ ಹಲವು ಸಲ ಕೇಳಿದ್ದೇನೆ. ನನ್ನ ಜಗಳ ನಮ್ಮ ಚಪ್ಪಾಳೆಯೊಡನೆ.

ಕೆಲ್ಟಿಕ್ ಪುರಾಣವೆಂದು ನಾವು ಕಣ್ಮುಚ್ಚಿ ಕೇಳಿದ್ದೇನು? ಗಾಲರು ಯಾವ ಪುರಾಣವನ್ನೂ ಬರೆದಿಟ್ಟಿಲ್ಲ. ಡ್ರೂಯಿಡರು ತಮ್ಮ ವಿದ್ಯೆಯನ್ನು ಬರಹಕ್ಕಿಳಿಸುವುದು ಸಲ್ಲದೆಂದು ಬಗೆದಿದ್ದರೆಂದು ಹೇಳುವವನು ಸೀಸರ್, ಅವರನ್ನು ಗೆದ್ದವನು. ಕುಹೂಲಿನ್ ಮೊದಲಾದ ವೀರರ ಕಥೆಗಳು ಐರ್ಲೆಂಡಿನವು, ಶತಮಾನಗಳ ಬಳಿಕ ಕ್ರೈಸ್ತ ಸನ್ಯಾಸಿಗಳು ಬರೆದವು. ‘ಬ್ರಿಕ್ಟೊಮ್’ ಹಾಡಿನ ಮಾತುಗಳು 1983ರಲ್ಲಿ ಲಾರ್ಜಾಕ್‌ನಲ್ಲಿ ಸಿಕ್ಕ ಸೀಸದ ತಗಡಿನವು. ‘ಡೆಸ್ಸುಮಿಸ್ ಲುಗೆ’ 1971ರಲ್ಲಿ ಶಮಾಲಿಯೇರ್‌ನ ಒರತೆಯಲ್ಲಿ ದೊರೆತ ಇನ್ನೊಂದು ತಗಡಿನದು. ಎರಡೂ ಮಾಟಮಂತ್ರದ ಬರಹಗಳು, ಹಲವು ಸಾಲುಗಳ ಅರ್ಥದ ಬಗೆಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ನಾವೋ ಸ್ತೋತ್ರವೆಂಬಂತೆ ಕೈಮುಗಿದು ಕುಳಿತಿದ್ದೆವು!

ಆ ಭಾಷೆ ಅಳಿದ ಬಗೆಯನ್ನು ಯಾರೂ ಕೇಳಲಿಲ್ಲ. ಅದನ್ನು ನಿಷೇಧಿಸಿದ ರೋಮನ್ ಆಜ್ಞೆ ಯಾವುದೂ ನಮಗೆ ದೊರೆತಿಲ್ಲ. ಯುದ್ಧದಲ್ಲಿ ಸೋತ ಮೇಲೆ ಗಾಲ್‌ನ ಗಣ್ಯರು ಮಕ್ಕಳನ್ನು ಆಟನ್ನಿನ ಲ್ಯಾಟಿನ್ ಶಾಲೆಗೆ ಕಳುಹಿಸಿದರು, ಕ್ರಿ.ಶ. 21ರಲ್ಲಿಯೇ ಕುಲೀನ ಹುಡುಗರು ಅಲ್ಲಿ ಓದುತ್ತಿದ್ದುದನ್ನು ಟ್ಯಾಸಿಟಸ್ ದಾಖಲಿಸಿದ್ದಾನೆ. ಲ್ಯಾಟಿನ್ನಿನಲ್ಲಿ ಹುದ್ದೆಯಿತ್ತು, ಪೌರತ್ವದ ದಾರಿಯಿತ್ತು. ತಂದೆ ತಾಯಂದಿರು ಜಾಣರಾಗಿದ್ದರು. ಊರಿನ ಕೆಳಮನೆಗಳಲ್ಲಿ ಗಾಲಿಷ್ ಇನ್ನೂ ಕೆಲವು ಶತಮಾನ ಉಳಿಯಿತು. ಲಾ ಗ್ರೋಫೆಸೆಂಕ್‌ನ ಕುಂಬಾರರು ತಮ್ಮ ತಟ್ಟೆ ಬಟ್ಟಲುಗಳ ಲೆಕ್ಕವನ್ನು ಅದರಲ್ಲಿ ಗೀಚಿಟ್ಟಿದ್ದಾರೆ. ನನಗಂತೂ ಆ ತಗಡುಗಳಿಗಿಂತ ಈ ಲೆಕ್ಕವೇ ದೊಡ್ಡದು. ನುಡಿಯೊಂದು ದುಡಿಯುತ್ತಿತ್ತೆಂಬುದಕ್ಕೆ ಅದು ಸಾಕ್ಷಿ. ಅದನ್ನು ಯಾರೂ ಹಾಡುವುದಿಲ್ಲ, ಬಿಡಿ.

ಎಂ.ಎ. ತರಗತಿಯಲ್ಲಿ ಮ್ಯಾಥ್ಯೂ ಆರ್ನಲ್ಡನನ್ನು ಭಕ್ತಿಯಿಂದ ಓದಿದವನು ನಾನು. ಕೆಲ್ಟಿಕ್ ಸಾಹಿತ್ಯವನ್ನು ಕುರಿತ 1867ರ ಪುಸ್ತಕದಲ್ಲಿ ಆತ ಕೆಲ್ಟರ ಕಲ್ಪನಾಶಕ್ತಿಯನ್ನು ಕೊಂಡಾಡುತ್ತಾನೆ. ಅದೇ ಪುಸ್ತಕದಲ್ಲಿ ವೇಲ್ಸಿನ ದಿನಬಳಕೆಯಿಂದ ವೆಲ್ಷ್ ಭಾಷೆ ಬೇಗ ಮರೆಯಾದಷ್ಟೂ ಒಳಿತೆನ್ನುತ್ತಾನೆ. ಹೊಗಳಿದ ಕೈಯೇ ಹೂಳಲು ಹೊರಟಿತ್ತು. ವೆಲ್ಷ್ ಆತನ ಮಾತು ಕೇಳಲಿಲ್ಲ, ಇಂದಿಗೂ ಜಗಳವಾಡುತ್ತ ಬದುಕಿದೆ. ಹಲ್ಮಿಡಿ ಶಾಸನದ ಪ್ರತಿಕೃತಿಯನ್ನು ನೆನಪಿನ ಕಾಣಿಕೆಯಾಗಿ ಹಂಚುವ ನಾವು ಆರ್ನಲ್ಡನ ಕಡೆಯವರೋ, ವೇಲ್ಸಿನ ಕಡೆಯವರೋ?

ಹೊರಗಿನವನಂತೆ ಬೆರಳು ತೋರುವ ಹಕ್ಕು ನನಗಿಲ್ಲ. ಮಗಳ ಶಾಲೆಯ ಅರ್ಜಿಯಲ್ಲಿ ‘ಮನೆಮಾತು’ ಎಂಬಲ್ಲಿ ಕನ್ನಡವೆಂದು ತುಂಬಿದೆ. ತುಂಬುತ್ತಲೇ ಅವಳೊಡನೆ ಆಡಿದ್ದು ಇಂಗ್ಲಿಷ್. ಆಟನ್ನಿನ ತಂದೆಯಂತೆ ನಾನೂ ಜಾಣ.

ಮುಂದಿನ ಕೂಟಕ್ಕೆ ಹಾಡು ಬೇಡ. ಮಕ್ಕಳನ್ನು ಕರೆತನ್ನಿ. ಊಟದ ಸಾಮಾನಿನ ಪಟ್ಟಿಯನ್ನೂ ಖರ್ಚಿನ ಲೆಕ್ಕವನ್ನೂ ಅವರೇ ಕನ್ನಡದಲ್ಲಿ ಬರೆಯಲಿ. ನನ್ನ ಮಗಳಿಗೆ ಒತ್ತಕ್ಷರ ಇನ್ನೂ ಬಾರದು. ಅವಳ ಪಕ್ಕದಲ್ಲಿ ನಾನು ಕೂರುತ್ತೇನೆ.